ಕ್ಯಾಟಲಿಸ್ಟ್‌ನ 'ಸಪೋರ್ಟ್'ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಫಿಶರ್-ಟ್ರಾಪ್ಷ್ ವಿಧಾನದ ಬಗ್ಗೆ ಪಿಯುಸಿ ಮಕ್ಕಳಿಗೆ ಒಂದು ಲೇಖನ ಬರೆಯುತ್ತಿದ್ದೇನೆ. 1920ರ ದಶಕದಲ್ಲಿ ಜರ್ಮನಿಯಲ್ಲಿ ಹುಟ್ಟಿದ್ದು ಇದು. ಕಾರ್ಬನ್ ಮೊನಾಕ್ಸೈಡ್ ಮತ್ತು ಹೈಡ್ರೋಜನ್ ಎರಡನ್ನೂ ಬಿಸಿ ಕೋಬಾಲ್ಟ್ ಅಥವಾ ಕಬ್ಬಿಣದ ಮೇಲೆ ಹಾಯಿಸಿದರೆ ಹೈಡ್ರೋಕಾರ್ಬನ್ ಸರಪಳಿ ಬೆಳೆದು ಡೀಸೆಲ್, ಮೇಣ ಎಲ್ಲ ಸಿಗುತ್ತದೆ. ಕ್ಯಾಟಲಿಸ್ಟ್‌ಗೆ (ತಾನು ಖರ್ಚಾಗದೆ ಕ್ರಿಯೆಯ ವೇಗ ಹೆಚ್ಚಿಸುವ ವಸ್ತು, ಇಲ್ಲಿ ಆ ಲೋಹ) 'ಕ್ರಿಯಾವರ್ಧಕ' ಇದೆ, ಸಾಕು. ನಾನು ಸಿಕ್ಕಿಹಾಕಿಕೊಂಡಿರುವುದು 'ಸಪೋರ್ಟ್' ಹತ್ತಿರ, ಅಂದರೆ ಆ ಲೋಹದ ಕಣಗಳು ಕೂರುವ ವಸ್ತು.

ಕೋಬಾಲ್ಟನ್ನು ಸುಮ್ನೆ ಗಡ್ಡೆಯಾಗಿ ಬಳಸುವುದಿಲ್ಲ. ಕೋಬಾಲ್ಟ್ ನೈಟ್ರೇಟ್‌ನ ಕೆಂಪು ದ್ರಾವಣವನ್ನು ಬಿಳಿ ಅಲ್ಯುಮಿನಾ (ಅಲ್ಯುಮಿನಿಯಂ ಆಕ್ಸೈಡ್) ಪುಡಿಗೆ ಹನಿಸಿ, ಒಣಗಿಸಿ, ಸುಟ್ಟರೆ ಪುಡಿ ಕಪ್ಪಾಗುತ್ತದೆ. ಆಮೇಲೆ ಹೈಡ್ರೋಜನ್ ಹಾಯಿಸಿದರೆ ಲೋಹದ ಸಣ್ಣ ಸಣ್ಣ ಕಣಗಳು ಅಲ್ಲಲ್ಲೇ ಕೂತಿರುತ್ತವೆ. ಆ ಅಲ್ಯುಮಿನಾಗೆ ಏನನ್ನೋಣ? 'ಆಧಾರ' ಅಂದರೆ ಬೆಂಗಳೂರಲ್ಲಿ ಯಾರಿಗಾದರೂ ಮೊದಲು ಕಾರ್ಡೇ ನೆನಪಾಗುತ್ತೆ. 'ವಾಹಕ' ಅಂದರೆ ವಿದ್ಯುತ್ತಿನ ತಂತಿ. 'ಆಸರೆ' ಕಿವಿಗೆ ಹಿತ, ಆದರೆ ಅದು ಪಾಪ ಸುಮ್ನೆ ಹೊತ್ತುಕೊಂಡು ನಿಂತಿದೆ ಅನ್ನೋ ಹಾಗೆ ಕೇಳಿಸುತ್ತದೆ.

ಅಸಲಿಗೆ ಅದು ಸುಮ್ನೆ ನಿಲ್ಲುವುದಿಲ್ಲ ಅಲ್ವಾ? ಅಲ್ಯುಮಿನಾ ಕೋಬಾಲ್ಟನ್ನು ಗಟ್ಟಿಯಾಗಿ ಹಿಡಿಯುತ್ತದೆ, ಎಷ್ಟೆಂದರೆ ಸ್ವಲ್ಪ ಭಾಗ ಲೋಹವಾಗದೆ ಹಾಗೇ ಉಳಿದುಬಿಡುತ್ತದೆ. ಇನ್ನೊಂದು ಸಪೋರ್ಟ್ ಆದ ಟೈಟಾನಿಯಾ (ಟೈಟಾನಿಯಂ ಆಕ್ಸೈಡ್) ಇನ್ನೂ ಚಾಲಾಕಿ, ಕೆಲವೊಮ್ಮೆ ತಾನೇ ತೆಳುವಾಗಿ ಲೋಹದ ಮೇಲೆ ಹತ್ತಿ ಕೂರುತ್ತದೆ. ಕಣದ ಗಾತ್ರದ ಕಥೆಯೂ ಇದಕ್ಕೇ ಹೆಣೆದುಕೊಂಡಿದೆ. ಕಣ ಚಿಕ್ಕದಾದಷ್ಟೂ ಮೇಲ್ಮೈ ಜಾಸ್ತಿ, ಲಾಭವೂ ಜಾಸ್ತಿ ಅನಿಸುತ್ತದೆ. ಆದರೆ ಕೋಬಾಲ್ಟ್ ಕಣ ಸುಮಾರು 6ರಿಂದ 8 ನ್ಯಾನೋಮೀಟರ್‌ಗಿಂತ ಕೆಳಗಿಳಿದರೆ ಮೇಲ್ಮೈಯ ಒಂದೊಂದು ಪರಮಾಣು ಮಾಡುವ ಕೆಲಸವೇ ಕುಗ್ಗುತ್ತದೆ, ಉದ್ದ ಸರಪಳಿ ಬೇಕಾದ ಕಡೆ ಮೀಥೇನ್ ಜಾಸ್ತಿ ಬರುತ್ತದೆ. ತಪ್ಪು ಕಣದ್ದೋ ಅದನ್ನು ಹಿಡಿದುಕೊಂಡಿರುವ ವಸ್ತುವಿನದ್ದೋ ಅಂತ ಬಿಡಿಸುವುದು ಕಷ್ಟವಿತ್ತು. ಲೋಹವನ್ನು ಅಷ್ಟಾಗಿ ಹಿಡಿಯದ ಇಂಗಾಲದ ನ್ಯಾನೋ ಎಳೆಗಳ ಮೇಲೂ ಹೀಗೇ ಆಗುತ್ತೆ ಅಂತ 2006ರಲ್ಲಿ ನೆದರ್ಲೆಂಡ್ಸ್‌ನ ಸಂಶೋಧಕರು ತೋರಿಸಿದರು. ಅಂದರೆ ಗಾತ್ರದ್ದೇ ಪಾತ್ರ ಇದೆ ಅಂತಾಯಿತು.

ನನ್ನ ಮನಸ್ಸು 'ನೆಲೆ' ಕಡೆಗಿದೆ. 'ಅಲ್ಯುಮಿನಾ ನೆಲೆಯ ಕೋಬಾಲ್ಟ್' ಅನ್ನಬಹುದು, 'ನೆಲೆಗೊಳಿಸು' ಅಂತ ಕ್ರಿಯಾಪದವೂ ಸಿಗುತ್ತದೆ. ಲ್ಯಾಬಿನ ಗೆಳೆಯರು ಮಾತ್ರ "ಸಪೋರ್ಟ್ ಅಂತಲೇ ಬರೀರಿ" ಅಂತಾರೆ. ನೀವೇನಂತೀರಿ?

ಜೊತೆಗೆ ಇನ್ನೊಂದು. ಬಿಸಿಗೆ ಈ ಕಣಗಳು ಸರಿದಾಡಿ ಒಂದಕ್ಕೊಂದು ಕೂಡಿ ದಪ್ಪಗಾಗುವುದಕ್ಕೆ 'ಸಿಂಟರಿಂಗ್' ಅಂತಾರೆ. ಪೀಣ್ಯದ ಕಡೆ ಲೋಹದ ಪುಡಿ ಒತ್ತಿ ಬಿಡಿಭಾಗ ಮಾಡುವ ಕೆಲಸದಲ್ಲಿರುವವರು ಯಾರಾದರೂ ಇಲ್ಲಿದ್ದರೆ, ಅಲ್ಲಿ ಕೆಲಸಗಾರರ ಬಾಯಲ್ಲಿ ಇದಕ್ಕೆ ಕನ್ನಡದ ಮಾತು ಇದೆಯಾ ತಿಳಿಸಿ.