ನೀರು ಮಾತ್ರ ಡಬಲ್ ಮಾಡ್ಬೇಡ ಕಣೋ

ಲೋ ಪುಟ್ಟ, ನಿನ್ನ ಮೆಸೇಜ್ ಈಗ ನೋಡ್ದೆ. ದೊಡ್ಡಮ್ಮ ಈ ಗ್ರೂಪಲ್ಲಿಲ್ಲ ತಾನೆ? ಹಾಂ, ಕಸಿನ್ಸ್ ಗ್ರೂಪೇ, ಸರಿ. ನಾನು ಕೊಟ್ಟಿದ್ದ 5 ಗ್ಯಾಲನ್ (19 ಲೀಟರ್) ಪೇಲ್ ಏಲ್ ಬಿಯರ್ ರೆಸಿಪಿನ ಗೃಹಪ್ರವೇಶ ಆದ್ಮೇಲಿನ ಪಾರ್ಟಿಗೆ 10 ಗ್ಯಾಲನ್ ಮಾಡ್ಬೇಕು, ಎಲ್ಲಾನೂ ಡಬಲ್ ಮಾಡಿದ್ರೆ ಸಾಕಾ ಅಂತ ಕೇಳಿದೀಯ. ಮಾಲ್ಟ್, ಅಂದ್ರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ, ಅದನ್ನ ಡಬಲ್ ಮಾಡು. ಕಹಿಗೂ ಪರಿಮಳಕ್ಕೂ ಹಾಕೋ ಹೂವು, ಹಾಪ್ಸು, ಅದನ್ನೂ ಮಾಡು. ನೀರು ಮಾತ್ರ ಬೇಡ.

ನೋಡು, ನಾನು ಸಣ್ಣ ಬ್ಯಾಚ್ ಮಾಡೋವಾಗ 25 ಲೀಟರ್ ಮಾಲ್ಟ್ ರಸ ಕುದಿಯೋಕಿಡ್ತೀನಿ. ಒಂದು ಗಂಟೇಲಿ 4 ಲೀಟರ್ ಆವಿಯಾಗತ್ತೆ, ತಳದ ಗಷ್ಟು 2 ಲೀಟರ್ ಬಿಟ್ರೆ ಬಕೆಟ್ಟಿಗೆ 19 ಬರತ್ತೆ. ಹಾಗಂತ ದೊಡ್ಡ ಬ್ಯಾಚಿಗೆ 50 ಇಟ್ರೆ ಕೆಟ್ಟೆ. ಆವಿ ಹೋಗೋದು ಪಾತ್ರೆ ಬಾಯಿ ಎಷ್ಟು ಅಗಲ, ಉರಿ ಎಷ್ಟು ಜೋರು ಅನ್ನೋದರ ಮೇಲೆ. ಒಳಗೆ ಎಷ್ಟಿದೆ ಅಂತ ಅದು ಕೇಳಲ್ಲ. ಅಜ್ಜಿ ಬಾಸುಂದಿಗೆ ಅಗಲ ಬಾಣಲೇನೇ ಯಾಕೆ ಇಡ್ತಿದ್ರು ಹೇಳು? ನಾನು ಮೊದಲ್ನೇ ಸಲ ಕಣ್ಮುಚ್ಚಿ 50 ಇಟ್ಟೆ, ಹೋಗಿದ್ದು ಬರೀ 5 ಲೀಟರ್. 1.050 ಬರ್ಬೇಕಿದ್ದ ಗ್ರಾವಿಟಿ (ರಸ ಎಷ್ಟು ಗಟ್ಟಿ ಅನ್ನೋ ಅಳತೆ) 1.046ಕ್ಕೆ ನಿಂತ್ಬಿಡ್ತು, ರಸ ನೀರಾಯ್ತು. ನನ್ನ ಪಾತ್ರೆಗೆ 46 ಸಾಕಿತ್ತು. ಹಾಂ, ಮಾಲ್ಟ್ ಹೀರ್ಕೊಳೋ ನೀರು ಬೇರೆ ಲೆಕ್ಕ, ಅದು ಕಿಲೋಗೆ ಸುಮಾರು 1 ಲೀಟರ್, ಅದು ನಿಜವಾಗ್ಲೂ ಡಬಲ್ ಆಗತ್ತೆ.

ಪಾತ್ರೆ 15 ಗ್ಯಾಲನ್ನಿಂದು ಬೇಕು, ಅದಕ್ಕಿಂತ ಚಿಕ್ಕದು ಬೇಡ. ಮೊದಲ ಕುದಿ ಬಂದಾಗ ನೊರೆ ಹಾಲುಕ್ಕಿದ ಹಾಗೆ ಎದ್ದು ಬರತ್ತೆ, ಪಕ್ಕದಲ್ಲೇ ನಿಂತಿರು, ಫೋನ್ ನೋಡ್ತಾ ಅಲ್ಲ. ಕೆಳಗೆ ನಲ್ಲಿ ಇರೋ ಪಾತ್ರೇನೇ ತಗೋ. ಹೆಚ್ಚೂಕಮ್ಮಿ 50 ಕಿಲೋ ಕುದಿಯೋ ರಸ ಅದು, ಎತ್ತಕ್ಕೆ ಹೋಗ್ಬೇಡ ದಮ್ಮಯ್ಯ.

ಉರಿ ಆರಿಸಿದ್ಮೇಲೆ ಪರಿಮಳಕ್ಕೆ ಹಾಕೋ ಹಾಪ್ಸ್ ಇದೆಯಲ್ಲ, ಅದನ್ನ ತಕ್ಷಣ ಹಾಕ್ಬೇಡ. ನಿನ್ನ ತಾಮ್ರದ ಸುರುಳಿ 19 ಲೀಟರ್‌ನ ಬೇಗ ತಣ್ಣಗೆ ಮಾಡ್ತಿತ್ತು, 38ಕ್ಕೆ ಹೆಣಗಾಡತ್ತೆ. 80 ಡಿಗ್ರಿ ಮೇಲಿರೋವರೆಗೂ ಹಾಪ್ಸ್ ಕಹಿ ಬಿಡ್ತಾನೇ ಇರತ್ತೆ. 75ಕ್ಕೆ ಇಳಿಸ್ಕೊಂಡು ಆಮೇಲೆ ಹಾಕು.

ಈಗ ಯೀಸ್ಟ್. ಇಲ್ಲೇ ಎಲ್ಲರೂ ಜಿಪುಣತನ ಮಾಡೋದು, ನಾನೂ ಮಾಡ್ದೆ. ಇಡ್ಲಿ ಹಿಟ್ಟು ಜಾಸ್ತಿ ಆದ್ರೂ ತಾನೇ ಹುದುಗಲ್ವಾ ಅಂದ್ಕೊಂಡು 11.5 ಗ್ರಾಮಿನ ಒಂದೇ ಪ್ಯಾಕೆಟ್ ಹಾಕಿ, ಅಷ್ಟೂ ರಸಾನ ಒಂದೇ ದೊಡ್ಡ ಡಬ್ಬಕ್ಕೆ ಸುರಿದೆ. ಹುದುಗೋವಾಗ ಅದೇ ಬಿಸಿ ಹುಟ್ಟಿಸ್ಕೊಳ್ಳತ್ತೆ, ರಾಶಿ ದೊಡ್ಡದಾದಷ್ಟೂ ಆ ಬಿಸಿ ಹೊರಗೆ ಹೋಗಲ್ಲ. ರೂಮು 20 ಡಿಗ್ರಿ, ಡಬ್ಬದ ಮೇಲೆ ಅಂಟಿಸಿದ್ದ ಪಟ್ಟಿ ಮೂರನೇ ದಿನ 25 ತೋರಿಸ್ತಿತ್ತು. ಮುಚ್ಚಳ ತೆಗೆದ್ರೆ ಗಮ್ಮಂತ ಬಾಳೆಹಣ್ಣು! ನಿಮ್ಮ ಭಾವ ಒಂದು ಗುಟುಕು ಕುಡ್ದು, "ಇದು ಬೀರಾ, ಸೀಕರಣೇನಾ?" ಅಂದ್ರು. ಇವತ್ತಿಗೂ ಹಂಗಿಸ್ತಾರೆ. ಅದಕ್ಕೇ ಹೇಳೋದು, ಎರಡು ಬಕೆಟ್ಟು, ತಲಾ 19 ಲೀಟರ್, ಒಂದೊಂದಕ್ಕೆ ಒಂದೊಂದು ಪ್ಯಾಕೆಟ್. ಒಂದು ಕೆಟ್ರೂ ಇನ್ನೊಂದು ಉಳಿಯತ್ತೆ, ಪಾರ್ಟಿ ನಿಲ್ಲಲ್ಲ.

ಬಾಟಲಿಗೆ ತುಂಬೋ ದಿನ ಗ್ಯಾಸ್ ಬರ್ಲಿ ಅಂತ ಹಾಕೋ ಸಕ್ಕರೆನೂ ರೆಸಿಪಿ ನೋಡಿ ಡಬಲ್ ಮಾಡ್ಬೇಡ, ಕೈಗೆ ನಿಜವಾಗ್ಲೂ ಬಂದಿರೋ ಬಿಯರ್ ಅಳೆದು ಲೀಟರಿಗೆ 6 ಗ್ರಾಮ್ ಹಾಕು. 34 ಲೀಟರಿಗೆ 38ರ ಸಕ್ಕರೆ ಹಾಕಿದ್ರೆ ಗ್ಯಾಸು, ನೊರೆ ಬೇಕಾದ್ದಕ್ಕಿಂತ ಜಾಸ್ತಿ ಆಗತ್ತೆ. ಸಕ್ಕರೆ ತೀರಾ ಜಾಸ್ತಿ ಆದ್ರೆ ಬಾಟಲಿನೇ ಸಿಡಿಯಬಹುದು.

ಇನ್ನೊಂದು, ನಿನ್ನ ಫ್ರೆಂಡ್ಸ್ ತಲಾ 5 ಡಾಲರ್ ಹಾಕ್ತೀವಿ ಅಂದ್ರಂತಲ್ಲ, ಬೇಡ. 1978ರಲ್ಲಿ ಪ್ರೆಸಿಡೆಂಟ್ ಕಾರ್ಟರ್ ಸಹಿ ಹಾಕಿದ ಕಾನೂನಿಂದ ಮನೇಲಿ ಮಾಡ್ಕೊಂಡು ಕುಡಿಯೋ ಬಿಯರಿಗೆ ಇಲ್ಲಿ ಅಮೆರಿಕಾದಲ್ಲಿ ಫೆಡರಲ್ ತೆರಿಗೆ ಇಲ್ಲ, ಇಬ್ಬರು ದೊಡ್ಡವರಿರೋ ಮನೆಗೆ ವರ್ಷಕ್ಕೆ 200 ಗ್ಯಾಲನ್ ತನಕ. ಆದ್ರೆ ಮಾರೋ ಹಾಗಿಲ್ಲ. ಚಿಪ್ಸೋ ಕೋಡುಬಳೆನೋ ತರ್ಲಿ.

ಈ ಶನಿವಾರ ಒಂದು ಕೆಲಸ ಮಾಡು. ಹೊಸ ಪಾತ್ರೆಗೆ ಬರೀ ನೀರು 40 ಲೀಟರ್ ಹಾಕಿ, ಮರದ ಸೌಟು ಅದ್ದಿ ಗೆರೆ ಎಳೆದು, ಸರಿಯಾಗಿ ಒಂದು ಗಂಟೆ ಕುದಿಸು. ತಣ್ಣಗಾದ್ಮೇಲೆ ಎಷ್ಟು ಇಳಿದಿದೆ ಅಂತ ಅಳೆದು ಕಳ್ಸು, ಎಷ್ಟು ನೀರು ಇಡ್ಬೇಕು ಅಂತ ನಾನು ಹೇಳ್ತೀನಿ. ಸರಿ, ಕುಕ್ಕರ್ ಮೂರ್ನೇ ಸಲ ಕೂಗ್ತು, ಇಡ್ತೀನಿ.