ನಾಲೆ ಏರಿ ರಸ್ತೆಗೆ ತಡೆಗೋಡೆ ಮಾಡಿಸ್ತೀನಿ ಅಂತ ಶಾಸಕರು ಹೇಳಿ ಎಂಟು ತಿಂಗ್ಳಾಯ್ತು, ಕೆಲ್ಸ ಎಲ್ಲಿಗೆ ಬಂತು ಅಂತ ತಿಳ್ಕೊಳ್ಳೋದು ಹೆಂಗೆ?

ನಾಲೆ ಪಕ್ಕದೂರು

ಎಲ್ರಿಗೂ ನಮಸ್ಕಾರ. ನಮ್ದು ಮಂಡ್ಯ ಜಿಲ್ಲೆ. ಮೇನ್ ರೋಡಿಂದ ನಮ್ಮೂರಿಗೆ ಒಂದೂವರೆ ಕಿಲೋಮೀಟರ್ ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಏರಿ ಮೇಲೇ ಹೋಗ್ಬೇಕು, ಒಂದ್ಕಡೆ ಗದ್ದೆ ಇನ್ನೊಂದ್ಕಡೆ ನಾಲೆ, ಎದುರಿಂದ ಕಬ್ಬಿನ ಟ್ರ್ಯಾಕ್ಟರ್ ಬಂತು ಅಂದ್ರೆ ಉಸಿರು ಬಿಗಿ ಹಿಡ್ಕೊಂಡೇ ಸೈಡ್ ಕೊಡ್ಬೇಕು. 2018ರ ನವೆಂಬರಲ್ಲಿ ಕನಗನಮರಡಿ ಹತ್ರ ಬಸ್ಸು ನಾಲೆಗೆ ಬಿದ್ದು 30 ಜನ ಹೋದ್ರಲ್ಲ, ಅವತ್ತಿಂದ ನಮ್ಮವ್ವ ಸ್ಕೂಲ್ ವ್ಯಾನ್ ಬರೋ ಟೈಮಿಗೆ ಬಾಗ್ಲಲ್ಲಿ ಬಂದು ನಿಂತ್ಕೊಂಡ್ರೆ ಮಕ್ಳು ಇಳಿಯೋವರ್ಗೂ ಒಳಗೆ ಹೋಗಲ್ಲ.

ಎಂಟು ತಿಂಗ್ಳ ಹಿಂದೆ ನಮ್ಮ ಶಾಸಕರು ಬಂದು ಏರಿ ಮೇಲೆ ನಡ್ಕೊಂಡೇ ನೋಡಿದ್ರು, ಇಂಜಿನಿಯರ್ ಕರೆಸಿ ಟೇಪ್ ಹಿಡಿಸಿ ಅಳತೆನೂ ಮಾಡಿಸಿದ್ರು, ತಡೆಗೋಡೆ ಆಗುತ್ತೆ ಅಂತ ಅವ್ರ ಪೇಜಲ್ಲೂ ಹಾಕಿದ್ರು. ಕಷ್ಟ ಅಂದ್ರೆ ಬರೋ ಮನುಷ್ಯನೇ, ಅದ್ರಲ್ಲಿ ಎರಡು ಮಾತಿಲ್ಲ. ಆದ್ರೆ ಆಮೇಲೆ ಈ ಕೆಲ್ಸದ ಸುದ್ದಿನೇ ಇಲ್ಲ. ಗ್ರೂಪಲ್ಲಿ ದಿನಾ ಅಪ್‌ಡೇಟ್ ಬರುತ್ತೆ, ಮದುವೆ, ಹಬ್ಬ, ಬೇರೆ ಊರಿನ ಗುದ್ದಲಿಪೂಜೆ ಎಲ್ಲಾ ಇರುತ್ತೆ, ನಮ್ದು ಮಾತ್ರ ಇಲ್ಲ. ಪಂಚಾಯ್ತಿಲಿ ಕೇಳಿದ್ರೆ ನಮಗೆ ಸಂಬಂಧ ಇಲ್ಲ ಅಂತಾರೆ, ಶಾಸಕರ ಆಫೀಸಿಗೆ ಫೋನ್ ಮಾಡಿದ್ರೆ ಪ್ರೊಸೆಸಲ್ಲಿದೆ ಅಂತಾರೆ. ನಿಜವಾಗ್ಲೂ ಎಲ್ಲಿಗೆ ಬಂದಿದೆ ಅಂತ ಯಾರ ಹತ್ರ ಕೇಳ್ಬೇಕು? ಗೊತ್ತಿರೋರು ದಯವಿಟ್ಟು ಹೇಳಿ.

ರಿಟೈರ್ಡ್ ಇಂಜಿನಿಯರ್

ಮೊದ್ಲು ಆ ಜಾಗ ಯಾರ ಸುಪರ್ದಿಲಿದೆ ಅಂತ ತಿಳ್ಕೊಳ್ಳಪ್ಪ. ನಾಲೆ, ಏರಿ ಕಾವೇರಿ ನೀರಾವರಿ ನಿಗಮದ್ದು. ಅದರ ಮೇಲಿನ ಡಾಂಬರು ರಸ್ತೆ ಕೆಲವು ಕಡೆ ಜಿಲ್ಲಾ ಪಂಚಾಯ್ತಿ ಲೆಕ್ಕದಲ್ಲಿರುತ್ತೆ, ಕೆಲವು ಕಡೆ ಪಿಡಬ್ಲ್ಯೂಡಿ. ಫೈಲು ನಿಂತ್ಕೊಳ್ಳೋದು ಹೆಚ್ಚಾಗಿ ಇಲ್ಲೇ, ಇಬ್ರಲ್ಲಿ ಯಾರು ಮಾಡ್ಬೇಕು ಅಂತ.

ಎರಡ್ನೇದು, ದುಡ್ಡು ಯಾವ ಲೆಕ್ಕದಿಂದ ಅಂತ ಕೇಳು. ಶಾಸಕರ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿ ಅಂದ್ರೆ ವರ್ಷಕ್ಕೆ 2 ಕೋಟಿ, ಇಡೀ ಕ್ಷೇತ್ರದ ಶಾಲೆ ಕೊಠಡಿ, ಸಮುದಾಯ ಭವನ, ಬಸ್ ಸ್ಟಾಂಡು, ಚರಂಡಿ ಎಲ್ಲಾ ಅದ್ರಲ್ಲೇ ಆಗ್ಬೇಕು. ಅದ್ರಲ್ಲೂ ಶಾಸಕರು ಶಿಫಾರಸು ಮಾಡೋದು ಅಷ್ಟೇ, ಮಂಜೂರು ಮಾಡೋದು ಜಿಲ್ಲಾಧಿಕಾರಿ. ಒಂದೂವರೆ ಕಿಲೋಮೀಟರ್ ಗೋಡೆ ಅದ್ರಲ್ಲಿ ಎತ್ತೋದು ಕಷ್ಟ, ಹಂಗಾಗಿ ನಿಮ್ದು ಇಲಾಖೆ ಅನುದಾನಕ್ಕೇ ಹೋಗಿರ್ಬೇಕು ಅಂತ ನನ್ನ ಅಂದಾಜು.

ಅಳತೆ ತಗೊಂಡ್ರು ಅಂದ್ರೆ ಕೆಲ್ಸ ಶುರುವಾಯ್ತು ಅಂತ ಅಲ್ಲ. ಎಸ್ಟಿಮೇಟ್ ಆಗ್ಬೇಕು, ಆಡಳಿತಾತ್ಮಕ ಅನುಮೋದನೆ, ತಾಂತ್ರಿಕ ಮಂಜೂರಾತಿ ಸಿಗ್ಬೇಕು, ಟೆಂಡರ್ ಆಗ್ಬೇಕು, ಆಮೇಲೆ ಕಾರ್ಯಾದೇಶ. ಒಂದೊಂದು ಹಂತಕ್ಕೂ ಒಂದು ಪತ್ರ ಇರುತ್ತೆ, ಅದ್ರ ಮೇಲೆ ನಂಬರ್ರು ತಾರೀಕು ಇರುತ್ತೆ. ಕೆಲ್ಸ ಆಯ್ತಾ ಅಂತ ಕೇಳ್ಬೇಡ, ಪತ್ರದ ನಂಬರ್ ಕೊಡಿ ಅಂತ ಕೇಳು. ನಾನು ಸರ್ವೀಸಲ್ಲಿದ್ದಾಗ ನಂಬರ್ ಹಿಡ್ಕೊಂಡು ಬಂದೋರಿಗೆ ಫೈಲ್ ತೆಗೆದು ತೋರಿಸ್ದೆ ಕಳ್ಸೋಕೆ ಆಗ್ತಾನೇ ಇರ್ಲಿಲ್ಲ.

ಮೈಸೂರು ಹುಡ್ಗಿ

ನಾನು ಮೈಸೂರು ಕಡೆ ಒಬ್ರು ಶಾಸಕರ ಆಫೀಸಲ್ಲಿ ಎರಡು ವರ್ಷ ಇದ್ದೆ, ಈ ಅಪ್‌ಡೇಟ್ ಹಾಕೋ ಕೆಲ್ಸನೂ ನಂದೇ. ಒಳಗೆ ಏನಾಗುತ್ತೆ ಅಂತ ಹೇಳ್ತೀನಿ ಅಣ್ಣ. ಬೆಳಗ್ಗೆ ಏಳಕ್ಕೆಲ್ಲಾ ಜನ ಬಂದಿರ್ತಾರೆ, ವಿಧವಾ ವೇತನ ನಿಂತೋಗಿದೆ ಅಂತ ಒಬ್ರು, ಜಮೀನು ಪೋಡಿ ಆಗಿಲ್ಲ ಅಂತ ಒಬ್ರು, ಪಂಪ್‌ಸೆಟ್ ಟಿಸಿ ಸುಟ್ಟೋಗಿದೆ, ಜಯದೇವದಲ್ಲಿ ಆಪರೇಷನ್ ಇದೆ ಸಿಎಂ ಪರಿಹಾರ ನಿಧಿಗೆ ಲೆಟರ್ ಬೇಕು, ಹಿಂಗೆ. ಕಣ್ಣೀರು ಹಾಕ್ಕೊಂಡು ಎದುರಿಗೆ ನಿಂತೋರ ಕೆಲ್ಸ ಮೊದ್ಲು ಆಗುತ್ತೆ, ಅದು ಸರಿನೇ. ಆದ್ರೆ ಇಡೀ ಊರಿನ ಕೆಲ್ಸಕ್ಕೆ ದಿನಾ ಬಂದು ಕೇಳೋರು ಇರಲ್ಲ, ಹಿಂದೆ ಬೀಳುತ್ತೆ. ನಾನೂ ಗುದ್ದಲಿಪೂಜೆ ಫೋಟೋ ನೂರಾರು ಹಾಕಿದ್ದೀನಿ, ಆರು ತಿಂಗ್ಳಾದ್ಮೇಲೆ ಅದೇ ಜಾಗದ ಫೋಟೋ ಹಾಕಿದ್ದು ಬಹಳ ಕಮ್ಮಿ, ಅದು ನಂಗೆ ಈಗ್ಲೂ ಬೇಜಾರೇ.

ನೀವೊಬ್ರೇ ಫೋನ್ ಮಾಡ್ಬೇಡಿ. ನಾಲ್ಕೈದು ಜನ ಹೋಗಿ, ಹೆಣ್ಮಕ್ಳನ್ನೂ ಕರ್ಕೊಂಡು ಹೋಗಿ, ಬರವಣಿಗೆಲಿ ಮನವಿ ಕೊಟ್ಟು ಇನ್ನೊಂದು ಕಾಪಿ ಮೇಲೆ ಸೀಲ್ ಹಾಕಿಸ್ಕೊಳ್ಳಿ. ಅದ್ರಲ್ಲಿ ಎರಡೇ ಕೇಳಿ. ಒಂದು, ತಾಲ್ಲೂಕು ಕೆಡಿಪಿ ಸಭೆಲಿ, ಅಂದ್ರೆ ಇಲಾಖೆಗಳ ಕೆಲ್ಸ ಎಲ್ಲಿಗೆ ಬಂತು ಅಂತ ನೋಡೋ ಸಭೆಲಿ, ಇದನ್ನ ಎತ್ತಿ ಅಂತ. ಅದಕ್ಕೆ ಶಾಸಕರೇ ಅಧ್ಯಕ್ಷರು, ಎಲ್ಲಾ ಇಲಾಖೆಯೋರು ಎದುರಿಗೆ ಕೂತಿರ್ತಾರೆ, ಅಲ್ಲಿ ಹೇಳಿದ್ದು ನಡವಳಿಲಿ ಬರುತ್ತೆ, ಮುಂದಿನ ಸಭೆಲಿ ಯಾಕಾಗಿಲ್ಲ ಅಂತ ಕೇಳ್ಬೋದು. ಇನ್ನೊಂದು, ಅದಕ್ಕೂ ಆಗ್ಲಿಲ್ಲ ಅಂದ್ರೆ ವಿಧಾನಸಭೆಲಿ ಪ್ರಶ್ನೆ ಹಾಕಿ ಅಂತ. ಚುಕ್ಕೆ ಗುರುತಿಲ್ಲದ ಪ್ರಶ್ನೆ ಆದ್ರೂ ಪರ್ವಾಗಿಲ್ಲ, ಮಂತ್ರಿಗಳ ಉತ್ತರ ಲಿಖಿತದಲ್ಲೇ ಬರುತ್ತೆ. ಶಾಸಕರು ಜನಕ್ಕೆ ಕೊಡ್ಬೇಕಾದ ಅಪ್‌ಡೇಟ್ ಅಂದ್ರೆ ಅದು ಕಣಣ್ಣ.

ಗದ್ದೆ ಬಯ್ಲು

ಮಾಹಿತಿ ಹಕ್ಕಲ್ಲಿ ಹಾಕ್ಬಿಡಿ ಜೊತೆಗೆ. 10 ರೂಪಾಯಿ ಫೀಸು, ಬಿಪಿಎಲ್ ಕಾರ್ಡ್ ಇದ್ರೆ ಅದೂ ಇಲ್ಲ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ ಇರ್ಬೇಕು, ಉದ್ದ ಕಥೆ ಬರೆದ್ರೆ ಅದನ್ನೇ ನೆಪ ಮಾಡಿ ವಾಪಸ್ ಕಳ್ಸ್ತಾರೆ, ನಂಗೆ ಆಗಿದೆ. ಎಸ್ಟಿಮೇಟ್ ಪ್ರತಿ ಕೊಡಿ, ಕಡತದ ಟಿಪ್ಪಣಿ ಹಾಳೆ ಕೊಡಿ, ಇಷ್ಟೇ ಬರೀರಿ. 30 ದಿನದಲ್ಲಿ ಉತ್ತರ ಬರ್ಲಿಲ್ಲ ಅಂದ್ರೆ ಮೇಲ್ಮನವಿ. ನಾಲೆಗೆ ಬಿದ್ದೋರ ಮನೆ ನಮ್ಮ ಕಡೆನೂ ಐತೆ, ಬಿಡ್ಬೇಡಿ.

ನಾಲೆ ಪಕ್ಕದೂರು

ಎಲ್ರಿಗೂ ತುಂಬಾ ಥ್ಯಾಂಕ್ಸ್. ಸೋಮವಾರ ಏಳು ಜನ ಹೋಗಿದ್ವಿ, ನಮ್ಮವ್ವನೂ ಬಂದಿದ್ಲು, ಶಾಸಕರ ಎದುರಿಗೆ ನಿಂತು ಅವಳೇ ಮಾತಾಡಿದ್ಲು. ಅವ್ರು ಅಲ್ಲೇ ಇಂಜಿನಿಯರ್‌ಗೆ ಫೋನ್ ಹಚ್ಚಿದ್ರು. ರಿಟೈರ್ಡ್ ಇಂಜಿನಿಯರ್ ಸಾರ್, ನೀವು ಇಲ್ಲಿ ಹೇಳ್ದಂಗೇ ಇತ್ತು, ಎಸ್ಟಿಮೇಟ್ ಆಗಿದೆ, ಆದ್ರೆ ರಸ್ತೆ ಯಾರ್ದು ಅಂತ ಕೇಳಿ ಐದು ತಿಂಗ್ಳ ಹಿಂದೆನೇ ವಾಪಸ್ ಬಂದಿದೆ, ಅದನ್ನ ಯಾರೂ ನಮಗೂ ಹೇಳಿಲ್ಲ ಶಾಸಕರಿಗೂ ಹೇಳಿಲ್ಲ. ಪತ್ರದ ನಂಬರ್ ಬರ್ಕೊಂಡು ಬಂದಿದ್ದೀವಿ. ಕೆಡಿಪಿ ಸಭೆಲಿ ಎರಡೂ ಇಲಾಖೆಯೋರನ್ನ ಒಟ್ಟಿಗೆ ಕೂರಿಸಿ ಕೇಳ್ತೀನಿ ಅಂದಿದ್ದಾರೆ, ಅವ್ರ ಪೇಜಲ್ಲೂ ಹಂಗೇ ಬರೆಸಿದ್ದಾರೆ. ಮಾಹಿತಿ ಹಕ್ಕಿನ ಅರ್ಜಿನೂ ಹಾಕಾಯ್ತು.

ಅಲ್ಲಿವರ್ಗೂ ಸುಮ್ನಿರೋಕೆ ಮನಸ್ಸು ಬರ್ಲಿಲ್ಲ. ಭಾನುವಾರ ಹುಡುಗ್ರೆಲ್ಲಾ ಸೇರಿ ತಿರುವಿನ ಅಂಚಲ್ಲಿ ಕಲ್ಲು ನೆಟ್ಟು ಸುಣ್ಣ ಬಳ್ದು ರೇಡಿಯಂ ಅಂಟಿಸಿದ್ವಿ, ರಾತ್ರಿ ಬೈಕ್ ಲೈಟ್ ಬಿದ್ರೆ ದೂರದಿಂದ್ಲೇ ಕಾಣುತ್ತೆ.