ಶಿವಮೊಗ್ಗದಿಂದ ಉಡುಪಿಗೆ ಹತ್ತು ಚಕ್ರದ ಲಾರಿ: ಯಾವ ಘಾಟಿ ಇಳಿಯಬೇಕು?

ಪ್ರಶ್ನೆ: ಅಣ್ಣಾ, ನಮ್ಮ ಹತ್ತು ಚಕ್ರದ ಗಾಡಿಗೆ ಶಿವಮೊಗ್ಗದಿಂದ ಉಡುಪಿಗೆ ಅಕ್ಕಿ ಲೋಡು ಸಿಕ್ಕಿದೆ. ಫೋನಿನ ಮ್ಯಾಪು ತೀರ್ಥಹಳ್ಳಿ, ಆಗುಂಬೆ ಮೇಲೆ ಹೋಗು ಅನ್ನುತ್ತೆ. ಹೋದ ತಿಂಗಳು ಅದನ್ನೇ ನಂಬಿ ಹೋಗಿ ಆಗುಂಬೆಯಿಂದ ವಾಪಸ್ ಬಂದೆ. ಬಾಡಿಗೆಯೆಲ್ಲ ಡೀಸೆಲ್ಲಿಗೇ ಹೋಯ್ತು. ಸರಿಯಾದ ದಾರಿ ಯಾವುದು?

ಉತ್ತರ (28 ವರ್ಷದಿಂದ ಘಾಟಿಯಲ್ಲಿ ಲಾರಿ ಓಡಿಸುವವರು): ತಮ್ಮಾ, ವಾಪಸ್ ಕಳಿಸಿದವರಿಗೆ ಕೈ ಮುಗಿ. ಆ ಮ್ಯಾಪು ಹೇಳೋದು ಕಾರಿನ ದಾರಿ. ಗಾಡಿ ಎಷ್ಟು ಉದ್ದ, ಎಷ್ಟು ಟನ್ ಅಂತ ಅದು ಕೇಳೋದೇ ಇಲ್ಲ. ಆಗುಂಬೆಯಲ್ಲಿ 14 ಹಿಮ್ಮುರಿ ತಿರುವು, ಭಾರೀ ವಾಹನಕ್ಕೆ ನಿಷೇಧ. ಲೋಡು ಸೇರಿ 28.5 ಟನ್‌ವರೆಗೆ ತೂಗುವ ಗಾಡಿ ಅಲ್ಲಿ ಒಂದೇ ಸಲಕ್ಕೆ ತಿರುಗಲ್ಲ. ಹಿಂದೆ ಮುಂದೆ ಮಾಡುತ್ತಾ ಸಿಕ್ಕಿಕೊಂಡರೆ ಇಡೀ ಘಾಟಿ ನಿಲ್ಲುತ್ತೆ. ನಮ್ಮ ಕಡೆಯ ಆಂಬುಲೆನ್ಸ್ ಮಣಿಪಾಲಕ್ಕೆ ಇಳಿಯೋದೂ ಅದೇ ದಾರಿಯಲ್ಲಿ, ಅದನ್ನ ಮರೀಬೇಡ.

ನಾನಾದರೆ ಸಾಗರ, ಜೋಗದ ಮೇಲೆ ಗೇರುಸೊಪ್ಪ ಘಾಟಿ ಇಳಿದು ಹೊನ್ನಾವರ, ಅಲ್ಲಿಂದ ಭಟ್ಕಳ, ಕುಂದಾಪುರ ಅಂತ ಹೆದ್ದಾರಿ 66 ಹಿಡೀತೀನಿ. ದೂರ ಹೆಚ್ಚುಕಡಿಮೆ ದುಪ್ಪಟ್ಟು. ಬಾಡಿಗೆ ಮಾತಾಡುವಾಗಲೇ ಇದನ್ನ ಹೇಳಿಬಿಡು.

ಪ್ರಶ್ನೆ: ಹುಲಿಕಲ್ ಘಾಟಿ ಇಳಿದರೆ ದಾರಿ ಹತ್ತಿರ ಆಗಲ್ವಾ ಅಣ್ಣಾ?

ಉತ್ತರ: ಹತ್ತಿರ ಹೌದು. ಆದರೆ ವಿಪರೀತ ಮಳೆ ಬೀಳೋ ಜಾಗ, ಗುಡ್ಡ ಜರಿಯುತ್ತೆ. ಮಳೆಗಾಲದಲ್ಲಿ ಯಾವ ಘಾಟಿಗಾದರೂ ಜಿಲ್ಲಾಧಿಕಾರಿ ಭಾರೀ ವಾಹನ ನಿಲ್ಲಿಸಿ ಆದೇಶ ಹೊರಡಿಸಬಹುದು. ಘಾಟಿಯ ಮೇಲಿನದು ಒಂದು ಜಿಲ್ಲೆ, ಕೆಳಗಿನದು ಇನ್ನೊಂದು. ಎರಡೂ ಕಡೆಯ ಆದೇಶ ನೋಡು. ಲೋಡು ಹತ್ತಿಸೋ ಮೊದಲು, ಅವತ್ತೇ ಘಾಟಿ ಹತ್ತಿ ಬಂದ ಡ್ರೈವರ್ ಒಬ್ಬರಿಗೆ ಫೋನ್ ಮಾಡು. ನಾನು ಇವತ್ತಿಗೂ ಮಾಡ್ತೀನಿ.

ಪ್ರಶ್ನೆ (ಇನ್ನೊಬ್ಬರು): ಇಳಿಜಾರಲ್ಲಿ ಬ್ರೇಕ್ ಕಾದು ವಾಸನೆ ಬರುತ್ತೆ. ಏನು ಮಾಡೋದು?

ಉತ್ತರ: ಹತ್ತೋಕೆ ಯಾವ ಗೇರು ಬೇಕೋ ಇಳಿಯೋಕೂ ಅದೇ ಗೇರು. ಇಳಿಜಾರು ಶುರುವಾಗೋ ಮುಂಚೆಯೇ ಹಾಕಿಕೊಳ್ಳಿ. ಡೀಸೆಲ್ ಉಳಿಸ್ತೀನಿ ಅಂತ ನ್ಯೂಟ್ರಲ್ ಮಾಡಿದರೆ ಪೂರ್ತಿ ಭಾರ ಬ್ರೇಕಿನ ಮೇಲೆ ಬೀಳುತ್ತೆ. ಚಕ್ರದ ಬ್ರೇಕ್ ಡ್ರಮ್ಮು ಕಾದರೆ ಅದನ್ನ ಒತ್ತಿ ನಿಲ್ಲಿಸೋ ಲೈನರ್ ಹಿಡಿಯಲ್ಲ, ಪದೇ ಪದೇ ಒತ್ತಿದರೆ ಬ್ರೇಕ್ ಹಾಕೋ ಗಾಳಿಯೂ ಟ್ಯಾಂಕಿನಲ್ಲಿ ಇಳಿಯುತ್ತೆ. ವಾಸನೆ ಬಂತು ಅಂದ ತಕ್ಷಣ ಅಗಲದ ಜಾಗ ನೋಡಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು ಆರೋಕೆ ಬಿಡಿ. ನೀರು ಸುರಿಯಬೇಡಿ, ಡ್ರಮ್ಮು ಬಿರುಕು ಬಿಡುತ್ತೆ. ಹೊರಡುವಾಗ ಆ ಕಲ್ಲನ್ನ ರಸ್ತೆಯಿಂದ ಎತ್ತಿ ಪಕ್ಕಕ್ಕೆ ಹಾಕಿ. ರಾತ್ರಿ ಮಂಜಲ್ಲಿ ಬರೋ ಬೈಕಿನವರಿಗೆ ಅದು ಕಾಣಲ್ಲ.